ನಗರವೇ ಪ್ರಯೋಗಶಾಲೆ

ಭೌತವಿಜ್ಞಾನವನ್ನು ಓದಲು ಬರುವ ವಿದ್ಯಾರ್ಥಿಗೆ ಪರಮಾಣುವಿನ ವಿಷಯದಲ್ಲಿ ಮೊದಲೇ ಬೇರೂರಿದ ಅಭಿಪ್ರಾಯಗಳಿರುವುದಿಲ್ಲ. ಸಮಾಜವಿಜ್ಞಾನದ ವಿದ್ಯಾರ್ಥಿಯ ಪಾಡು ಹಾಗಲ್ಲ. ಕುಟುಂಬ, ಹಣ, ಸರ್ಕಾರ, ಮೇಲುಕೀಳುಗಳ ನಡುವೆಯೇ ಹುಟ್ಟಿ ಬೆಳೆದ ಅವನಿಗೆ ಇವೆಲ್ಲವೂ ತನಗೆ ತಿಳಿದೇ ಇವೆ ಎಂಬ ನಂಬಿಕೆ ಇರುತ್ತದೆ. ಪದವಿ ತರಗತಿಯ ಮೊದಲ ವರ್ಷದಲ್ಲಿ ಅಧ್ಯಾಪಕರು ಮಾಡಬೇಕಾದ ಮುಖ್ಯ ಕೆಲಸವೆಂದರೆ ಆ ನಂಬಿಕೆಯನ್ನು ಅಲುಗಿಸುವುದು. ಈ ಕೆಲಸವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಸಂಸ್ಥೆಗಳಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯವೂ ಒಂದು.

ಇದು ಖಾಸಗಿ ವಿಶ್ವವಿದ್ಯಾನಿಲಯ. ಎಣ್ಣೆಯ ವ್ಯಾಪಾರದಿಂದ ಅಪಾರ ಸಂಪತ್ತನ್ನು ಗಳಿಸಿದ ಜಾನ್ ಡಿ. ರಾಕ್‌ಫೆಲರರ ದಾನದ ಬಲದಿಂದ 1890ರಲ್ಲಿ ಸ್ಥಾಪಿತವಾಗಿ, 1892ರಲ್ಲಿ ಬೋಧನೆಯನ್ನು ಆರಂಭಿಸಿತು. ಅದೇ ವರ್ಷ ಆಲ್ಬಿಯನ್ ಸ್ಮಾಲ್ ಅವರ ನೇತೃತ್ವದಲ್ಲಿ ಸಮಾಜಶಾಸ್ತ್ರ ವಿಭಾಗವೂ ತೆರೆಯಿತು. ಇಂದು ಅಲ್ಲಿನ ವಾರ್ಷಿಕ ಬೋಧನಾ ಶುಲ್ಕ 60,000 ಡಾಲರುಗಳನ್ನು ಮೀರಿದೆ. ಇದು ಸಾಮಾನ್ಯರ ಕೈಗೆ ಎಟುಕುವ ಮೊತ್ತವಲ್ಲ; ಬಡ ಕುಟುಂಬಗಳ ಮಕ್ಕಳು ವಿದ್ಯಾರ್ಥಿವೇತನದ ನೆರವಿನಿಂದಲೇ ಓದಬೇಕು.

ಅಲ್ಲಿ ಪದವಿಗೆ ಸೇರಿದವರೆಲ್ಲರೂ, ಗಣಿತವನ್ನು ಆರಿಸಿಕೊಂಡವರು ಸಹ, ಸಮಾಜವಿಜ್ಞಾನವನ್ನು ಸ್ವಲ್ಪವಾದರೂ ಅಭ್ಯಾಸ ಮಾಡಲೇಬೇಕು. 1931ರಲ್ಲಿ ಜಾರಿಗೆ ಬಂದ ಶಿಕ್ಷಣಕ್ರಮದಲ್ಲಿ ಈ ಪದ್ಧತಿಯ ಬೇರುಗಳಿವೆ. ಸಾರಾಂಶವನ್ನು ಒದಗಿಸುವ ಪುಸ್ತಕಗಳಿಗೆ ಅಲ್ಲಿ ಹೆಚ್ಚಿನ ಮನ್ನಣೆಯಿಲ್ಲ. ಚಿಕ್ಕ ತರಗತಿಯಲ್ಲಿ ವಿದ್ಯಾರ್ಥಿಗಳು ಮೂಲಗ್ರಂಥವನ್ನೇ ಎದುರಿಗೆ ತೆರೆದಿಟ್ಟುಕೊಂಡು ಚರ್ಚಿಸುತ್ತಾರೆ. ಹೇಳಿದ ಮಾತಿಗೆ ಗ್ರಂಥದಲ್ಲಿ ಆಧಾರವನ್ನು ತೋರಿಸಬೇಕು.

ಮೂಲವನ್ನೇ ಏಕೆ ಓದಬೇಕು? ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ‘ರಾಷ್ಟ್ರಗಳ ಸಂಪತ್ತು’ ಎಂಬ ಗ್ರಂಥವನ್ನೇ ನೋಡಬಹುದು. ಅದರ ಆರಂಭದಲ್ಲಿ ಗುಂಡುಸೂಜಿ ತಯಾರಿಸುವವರ ಉದಾಹರಣೆಯಿದೆ. ಕೆಲಸವನ್ನು ಹಂಚಿಕೊಂಡ ಹತ್ತು ಮಂದಿ ದಿನವೊಂದಕ್ಕೆ 48,000 ಸೂಜಿಗಳನ್ನು ತಯಾರಿಸಬಲ್ಲರು. ಒಬ್ಬೊಬ್ಬನೂ ಬೇರೆಯಾಗಿ ದುಡಿದರೆ ತಲೆಗೆ ಇಪ್ಪತ್ತು ಸೂಜಿಗಳೂ ಆಗಲಾರವು. ಸಾರಾಂಶವನ್ನು ಓದಿದವನ ತಿಳಿವಳಿಕೆ ಇಲ್ಲಿಗೇ ನಿಲ್ಲುತ್ತದೆ. ಆದರೆ ನೂರಾರು ಪುಟಗಳ ನಂತರ ಅದೇ ಸ್ಮಿತ್, ಜೀವಮಾನವೆಲ್ಲ ಒಂದೆರಡು ಸರಳ ಕ್ರಿಯೆಗಳನ್ನೇ ಮಾಡುತ್ತ ಬಂದ ದುಡಿಮೆಗಾರನ ಬುದ್ಧಿ ಜಡವಾಗುತ್ತದೆಂದೂ, ಅದನ್ನು ತಡೆಯಲು ಸರ್ಕಾರ ಶ್ರಮಿಸಬೇಕೆಂದೂ ಎಚ್ಚರಿಸುತ್ತಾನೆ. ಅಷ್ಟು ದೂರ ಸಾಗುವ ತಾಳ್ಮೆ ಎಷ್ಟು ಮಂದಿಗೆ ಇದ್ದೀತು!

ಗ್ರಂಥದಷ್ಟೇ ಮುಖ್ಯವಾದುದು ಬೀದಿ. 1840ರಲ್ಲಿ ಐದು ಸಾವಿರ ಜನರೂ ಇಲ್ಲದಿದ್ದ ಷಿಕಾಗೋ, 1890ರ ವೇಳೆಗೆ ಹತ್ತು ಲಕ್ಷವನ್ನು ದಾಟಿತ್ತು. ರೈಲುದಾರಿಗಳು, ಕಸಾಯಿಖಾನೆಗಳು, ಕಾರ್ಖಾನೆಗಳು ನಾನಾ ದೇಶಗಳ ಜನರನ್ನು ಅಲ್ಲಿಗೆ ಸೆಳೆದಿದ್ದವು. ಪತ್ರಕರ್ತರಾಗಿದ್ದು ಅನಂತರ ಪ್ರಾಧ್ಯಾಪಕರಾದ ರಾಬರ್ಟ್ ಪಾರ್ಕ್, 1920ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಈ ಜನರ ನಡುವೆಯೇ ಅಟ್ಟಿದರು. ಬಾಲಾಪರಾಧಗಳಿಗೆ ಹೊರದೇಶದಿಂದ ಬಂದ ಇಂಥಿಂಥ ಜನರ ಹುಟ್ಟುಗುಣವೇ ಕಾರಣವೆಂದು ಆಗ ಅನೇಕರು ನಂಬಿದ್ದರು. ಇಲ್ಲಿಯೇ ಓದಿದ ಕ್ಲಿಫರ್ಡ್ ಷಾ ಮತ್ತು ಹೆನ್ರಿ ಮೆಕೇ ಅಪರಾಧಿ ಬಾಲಕರ ಮನೆಗಳನ್ನು ನಗರದ ನಕ್ಷೆಯ ಮೇಲೆ ಗುರುತಿಸುತ್ತ ಹೋದರು. ಕೆಲವು ಬಡ ಬಡಾವಣೆಗಳಲ್ಲಿ ಒಂದು ದೇಶದವರು ತೆರಳಿ ಇನ್ನೊಂದು ದೇಶದವರು ನೆಲೆಸಿದರೂ ಅಪರಾಧದ ಪ್ರಮಾಣ ತಗ್ಗಲಿಲ್ಲ. ಬಿಟ್ಟುಹೋದವರ ಮಕ್ಕಳಲ್ಲಿ ಮಾತ್ರ ಅದು ಇಳಿಯಿತು. ದೋಷವನ್ನು ಹುಡುಕಬೇಕಾದುದು ಜನಾಂಗದಲ್ಲಲ್ಲ, ಬದುಕುವ ಪರಿಸರದಲ್ಲಿ ಎಂಬುದು ಇದರಿಂದ ಸ್ಪಷ್ಟವಾಯಿತು.

ಹೀಗೆ ಊರನ್ನೆಲ್ಲ ಪರೀಕ್ಷಿಸಿದ ವಿಶ್ವವಿದ್ಯಾನಿಲಯ ತನ್ನ ಹಿತ್ತಲನ್ನು ನೋಡಿಕೊಂಡಿತೆ? ಕಪ್ಪು ಜನರಿಗೆ ಮನೆಯನ್ನು ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂದು ಬಿಳಿಯ ಮಾಲೀಕರು ತಮ್ಮತಮ್ಮಲ್ಲಿ ಕರಾರುಪತ್ರಗಳನ್ನು ಮಾಡಿಕೊಂಡಿದ್ದರು. 1930 ಮತ್ತು 1940ರ ದಶಕಗಳಲ್ಲಿ, ನೆರೆಯ ಬಡಾವಣೆಗಳ ಇಂಥ ಕರಾರುಗಳನ್ನು ನ್ಯಾಯಾಲಯದಲ್ಲಿ ಉಳಿಸಿಕೊಳ್ಳಲು ವಿಶ್ವವಿದ್ಯಾನಿಲಯವೇ ಹಣ ಒದಗಿಸಿತು. ಒಳಗೆ ಜನಾಂಗದ್ವೇಷವನ್ನು ಕುರಿತು ಪಾಠ, ಹೊರಗೆ ಅದಕ್ಕೇ ನೆರವು! ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ತೀರ್ಪಿತ್ತದ್ದು 1948ರಲ್ಲಿ.

ಆ ತೀರ್ಪಿಗೆ ಮೂರು ವರ್ಷ ಮೊದಲೇ, 1945ರಲ್ಲಿ, ಷಿಕಾಗೋದ ಕಪ್ಪು ಜನರ ಬದುಕನ್ನು ಕುರಿತ ‘ಬ್ಲ್ಯಾಕ್ ಮೆಟ್ರೊಪಾಲಿಸ್’ ಎಂಬ ಬೃಹದ್ಗ್ರಂಥ ಹೊರಬಂದಿತು. ಈ ಕರಾರುಗಳ ವಿವರವೂ ಅದರಲ್ಲಿದೆ. ಅದನ್ನು ಬರೆದವರು ಇದೇ ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ ಮಾಡಿದ ಕಪ್ಪು ಜನಾಂಗದ ವಿದ್ವಾಂಸರು, ಸೇಂಟ್ ಕ್ಲೇರ್ ಡ್ರೇಕ್ ಮತ್ತು ಹೊರೇಸ್ ಕೇಯ್ಟನ್. ವಿಷಯವನ್ನು ಅರಸಿ ಅವರು ದೂರ ಹೋಗಬೇಕಾಗಿರಲಿಲ್ಲ. ತರಗತಿಯ ಬಾಗಿಲಿನಿಂದ ಅದು ನಡೆದುಹೋಗುವಷ್ಟು ಹತ್ತಿರದಲ್ಲಿತ್ತು.