ದೆಹಲಿ ಚಳಿಯಲ್ಲಿ ಬೆಳಗಿನ ವಾಕಿಂಗ್ ಬೇಕಾ?

ದೆಹಲಿ, ನೋಯ್ಡಾ, ಗುರುಗ್ರಾಮದ ನಮ್ಮವರು ನನ್ನನ್ನ ಕೇಳ್ತಾ ಇರ್ತಾರೆ: "ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಬೆಳಗ್ಗೆ ವಾಕಿಂಗ್‌ಗೆ ಕಳಿಸಬಹುದಾ?" ನವೆಂಬರ್‌ನಿಂದ ಜನವರಿವರೆಗೆ ಬೇಡ ಅಂತೀನಿ.

ಯಾಕೆ? ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ. ತಣ್ಣನೆ ಗಾಳಿ ಕೆಳಗೇ ಉಳಿದು, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತೆ. ವಾಹನದ ಹೊಗೆ, ಕಸ ಸುಟ್ಟ ಹೊಗೆ, ಧೂಳು ಎಲ್ಲಾ ಅದರಡಿ ಸಿಕ್ಕಿಕೊಳ್ಳುತ್ತೆ. ಬಿಸಿಲೇರಿದ ಮೇಲೇ ಮುಚ್ಚಳ ಸಡಿಲ ಆಗೋದು.

ಪಿಎಂ 2.5 ಕಣ ಕೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಭಾಗ. ಶ್ವಾಸಕೋಶದ ಆಳಕ್ಕಿಳಿಯುತ್ತೆ, ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತೆ. 24 ಗಂಟೆಯ ಸರಾಸರಿಗೆ ನಮ್ಮ ದೇಶದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯದು 15.

ಹಾಗಾಗಿ ಎಕ್ಯೂಐ ನೋಡಿ, ಮಧ್ಯಾಹ್ನ ಕಳಿಸಿ. ಬೆಳಗ್ಗೆ ಹೋಗಲೇಬೇಕಾದರೆ ಎನ್95 ಮಾಸ್ಕ್ ಹಾಕಿಸಿ. ಮೂಗಿಗೆ ಕಟ್ಟಿದ ಕರ್ಚೀಫು ಸಾಲಲ್ಲ.