ಕಚ್ಚಿಕೊಂಡ ಏರಿಯಲ್

ಟ್ರಾನ್ಸಿಸ್ಟರ್ ರೇಡಿಯೊದ ಏರಿಯಲ್ ಎಂದರೆ ಒಂದರೊಳಗೊಂದು ಜಾರುವ ಐದಾರು ತೆಳು ಕೊಳವೆಗಳು. ಸಾಮಾನ್ಯವಾಗಿ ಅವು ಹಿತ್ತಾಳೆಯವು. ಮೇಲಿನ ಹೊಳಪು ಕ್ರೋಮಿಯಂ ಲೇಪದ್ದು. ಪ್ರತಿ ಕೊಳವೆಯ ಬಾಯಂಚು ತುಸು ಒಳಬಾಗಿರುತ್ತದೆ. ಅದರೊಳಗೆ ಕೂರುವ ಸಣ್ಣ ಕೊಳವೆಯ ಬುಡಕ್ಕೆ ಪುಟ್ಟ ಸ್ಪ್ರಿಂಗ್ ಪಟ್ಟಿ ಸುತ್ತಿರುತ್ತದೆ. ಎಳೆದಾಗ ಕೊಳವೆ ಕಳಚಿ ಕೈಗೆ ಬಾರದಂತೆ ಅಂಚು ತಡೆಯುತ್ತದೆ, ಎಳೆದ ಎತ್ತರದಲ್ಲೇ ಪಟ್ಟಿ ಹಿಡಿದು ನಿಲ್ಲಿಸುತ್ತದೆ. ರೇಡಿಯೊ ತರಂಗದಿಂದ ಹುಟ್ಟುವ ಅತಿಸೂಕ್ಷ್ಮ ವಿದ್ಯುತ್ತು ಒಂದು ಕೊಳವೆಯಿಂದ ಇನ್ನೊಂದಕ್ಕೆ ದಾಟುವುದೂ ಈ ಪಟ್ಟಿಯ ಮೂಲಕವೇ. ಹಾಗಾಗಿ ಏರಿಯಲ್‌ಗೆ ಒಂದಿಷ್ಟು ಬಿಗಿ ಬೇಕೇ ಬೇಕು. ಅದರ ಹದ ಕೆಟ್ಟಾಗ ರಿಪೇರಿಯ ಮಾತು.

ಏರಿಯಲ್ ಅರ್ಧಕ್ಕೇ ನಿಂತರೆ ಎಲ್ಲ ಕೇಳುಗರಿಗೂ ನಷ್ಟವಿಲ್ಲ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ನಂಥ ಮಧ್ಯಮ ತರಂಗದ ಪ್ರಸಾರವನ್ನು ಹಿಡಿಯುವುದು ಪೆಟ್ಟಿಗೆಯೊಳಗಿನ ಫೆರೈಟ್ ಕಡ್ಡಿ. ಏರಿಯಲ್‌ಗೂ ಅದಕ್ಕೂ ಸಂಬಂಧವಿಲ್ಲ. ಎಫ್‌ಎಂ ಮತ್ತು ಶಾರ್ಟ್‌ವೇವ್‌ನ ಕಥೆ ಬೇರೆ. ಬೆಂಗಳೂರಿನ 101.3 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 3 ಮೀಟರ್. ಅದರ ಕಾಲುಭಾಗ, ಅಂದರೆ ಸುಮಾರು 74 ಸೆಂಟಿಮೀಟರ್ ಉದ್ದದ ಏರಿಯಲ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. ನಿಲಯ ದೂರವಿದ್ದು ಏರಿಯಲ್ ಗಿಡ್ಡವಾದರೆ ಹಾಡಿನ ಜೊತೆ ‘ಸುಸ್’ ಸದ್ದೂ ಬರುತ್ತದೆ.

ಕಬ್ಬಿಣಕ್ಕೆ ತುಕ್ಕು ಹೇಗೋ ಹಿತ್ತಾಳೆಗೆ ಕಿಲುಬು ಹಾಗೆ. ಲೇಪ ಸವೆದ ಕಡೆ ಬೆವರು, ಮಳೆಗಾಲದ ತೇವ, ಕರಾವಳಿಯ ಉಪ್ಪುಗಾಳಿ ತಾಗಿ ಹಸಿರು ಕಿಲುಬು ಕಟ್ಟುತ್ತದೆ. ಹಳೆಯ ಗ್ರೀಸಿಗೆ ಧೂಳು ಸೇರಿ ಅಂಟಾಗುವುದು ಇನ್ನೊಂದು ಕಾರಣ. ಮೂರನೆಯದು ನೆಗ್ಗು. ರೇಡಿಯೊ ಬಿದ್ದಾಗ ಕೊಳವೆ ಕೂದಲೆಳೆಯಷ್ಟು ಚಪ್ಪಟೆಯಾದರೂ ಸಾಕು, ಒಳಗಿನದು ಸಿಕ್ಕಿಬೀಳುತ್ತದೆ. ನೆಗ್ಗಿಗೆ ಎಣ್ಣೆ ಮದ್ದಲ್ಲ. ಆದ್ದರಿಂದ ಮೊದಲು ಏರಿಯಲ್ಲನ್ನು ಬೆಳಕಿಗೆ ಹಿಡಿದು, ಬೆರಳು ಸವರಿ ನೋಡಬೇಕು.

ಬಿಡಿಸುವ ಮುನ್ನ ಬ್ಯಾಟರಿ ತೆಗೆದು, ಸಾಧ್ಯವಾದರೆ ಬುಡದ ಸ್ಕ್ರೂ ಬಿಚ್ಚಿ ಏರಿಯಲ್ಲನ್ನು ಪೆಟ್ಟಿಗೆಯಿಂದ ಬೇರೆ ಮಾಡುವುದು ಒಳ್ಳೆಯದು. ತುಕ್ಕು ಬಿಡಿಸುವ ತೆಳು ಎಣ್ಣೆಗಳು, ಸೀಮೆಎಣ್ಣೆಯೂ ಸೇರಿ, ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕೆಡಿಸುತ್ತವೆ. ಬುಡಕ್ಕೆ ಬರುವ ತಂತಿ ಕಿತ್ತುಬಾರದಂತೆ ನೋಡಿಕೊಳ್ಳಬೇಕು. ಬಿಚ್ಚಲಾಗದಿದ್ದರೆ ಬುಡಕ್ಕೆ ಬಟ್ಟೆ ಸುತ್ತಿದರಾಯಿತು. ಹೊರಗಿನ ಕೊಳೆಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಏರಿಯಲ್ಲನ್ನು ನೆಟ್ಟಗೆ ನಿಲ್ಲಿಸಿ, ಕಚ್ಚಿಕೊಂಡ ಸಂದಿಗೆ ಎಣ್ಣೆಯ ಒಂದೆರಡು ಹನಿ ಬಿಡಬೇಕು. ಆಮೇಲೆ ಒಂದು ರಾತ್ರಿ ಅದರ ಪಾಡಿಗೆ ಬಿಡುವುದು. ಈ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಹತ್ತು ನಿಮಿಷ ಕಾದು ಇಕ್ಕಳ ಹಾಕಿದವನ ಕೈಯಲ್ಲಿ ತುಂಡಾದ ತುದಿ ಉಳಿಯುತ್ತದೆ.

ಮರುದಿನ ಹಳೆಯ ಸೈಕಲ್ ಟ್ಯೂಬಿನ ಎರಡು ತುಂಡುಗಳಿಂದ ಸಂದಿಯ ಎರಡೂ ಬದಿ ಹಿಡಿದು, ಎಳೆಯುವ ಮೊದಲು ಮೆಲ್ಲಗೆ ಅತ್ತಿತ್ತ ತಿರುಗಿಸಬೇಕು. ಕಿಲುಬಿನ ಹಿಡಿತ ಬಿಡುವುದು ತಿರುಚಿಗೆ. ಒಮ್ಮೆ ಸುತ್ತು ತಿರುಗಿದರೆ ಎಳೆತಕ್ಕೂ ಬಗ್ಗುತ್ತದೆ. ಇನ್ನೂ ಹಟ ಮಾಡಿದರೆ ಎಣ್ಣೆಯನ್ನು ಪೂರ್ತಿ ಒರೆಸಿ, ಹೊರಗಿನ ಕೊಳವೆಗೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿಯಬಹುದು. ಹೊರಗಿನದು ಮೊದಲು ಕಾದು ಹಿಗ್ಗುವುದರಿಂದ ಕ್ಷಣಕಾಲ ಸಂದಿ ಸಡಿಲವಾಗುತ್ತದೆ. ಬೆಂಕಿಕಡ್ಡಿ, ಲೈಟರ್ ಬೇಡವೇ ಬೇಡ. ಹಿತ್ತಾಳೆ ಪಾತ್ರೆಗೆ ಒಗ್ಗುವ ಹುಣಸೆಹುಳಿಯೂ ಇಲ್ಲಿ ಸಲ್ಲದು. ಪಾತ್ರೆಯನ್ನು ತೊಳೆಯಬಹುದು, ಕೊಳವೆಯ ಒಳಗೆ ಉಳಿದ ಹುಳಿಯನ್ನು ತೊಳೆಯುವುದು ಕಷ್ಟ. ಅದೇ ಹೊಸ ಕಿಲುಬಿಗೆ ದಾರಿ.

ಬಿಟ್ಟುಕೊಂಡ ಮೇಲೆ ಹಳೆಯ ಎಣ್ಣೆ, ಕಪ್ಪು ಜಿಡ್ಡು ಎರಡನ್ನೂ ಒರೆಸಿ ತೆಗೆಯಬೇಕು. ಆಮೇಲೆ ಬಟ್ಟೆಗೆ ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿ ಹಾಕಿ, ಪೂರ್ತಿ ಎಳೆದ ಏರಿಯಲ್‌ಗೆ ಸವರಿ, ನಾಲ್ಕಾರು ಸಲ ಮಡಚಿ ಬಿಚ್ಚಿ, ಒಣಬಟ್ಟೆಯಿಂದ ಮತ್ತೆ ಒರೆಸಿದರೆ ಸಾಕು. ಕಣ್ಣಿಗೆ ಕಾಣದಷ್ಟು ತೆಳುವಾದ ಪದರವನ್ನು ಸ್ಪ್ರಿಂಗ್ ಪಟ್ಟಿ ಒತ್ತಿ ಸರಿಸಿ ಲೋಹಕ್ಕೆ ಲೋಹ ತಾಗಿಸುತ್ತದೆ, ವಿದ್ಯುತ್ ದಾರಿಗೆ ಅಡ್ಡಿಯಾಗದು. ಎಣ್ಣೆ ಹೆಚ್ಚಾದರೆ ಧೂಳು ಮೆತ್ತುತ್ತದೆ. ಮನೆಯಲ್ಲಿ ಕೈಗೆ ಸಿಗುವ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಕಾಲಕ್ರಮೇಣ ಜಿಗುಟಾಗುತ್ತದೆ. ಅದು ತಲೆಗೇ ಇರಲಿ.

ದಿನಬಳಕೆಯಲ್ಲಿ ಕೆಡುವುದು ಮುಚ್ಚುವಾಗಲೇ ಹೆಚ್ಚು. ತುದಿಯ ಗುಂಡಿಯನ್ನು ಅಂಗೈಯಿಂದ ಒತ್ತಿದರೆ ಎಲ್ಲಕ್ಕಿಂತ ತೆಳುವಾದ ಕೊಳವೆ ಬಾಗುತ್ತದೆ. ಸಂದಿಯ ಹತ್ತಿರ ಹಿಡಿದು ಒಂದೊಂದಾಗಿ ಇಳಿಸಬೇಕು. ಕೊಳವೆ ನೆಗ್ಗಿದ್ದರೆ, ಮುರಿದಿದ್ದರೆ ಹೊಸದನ್ನು ಹಾಕುವುದೇ ಲೇಸು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಹೋಗುವಾಗ ಹಳೆಯದನ್ನೇ ಒಯ್ಯಬೇಕು. ಉದ್ದ ಹೆಚ್ಚುಕಡಿಮೆಯಾದರೂ ನಡೆದೀತು, ಬುಡದ ಸ್ಕ್ರೂವಿನ ಅಳತೆ ಮಾತ್ರ ಹೊಂದಲೇಬೇಕು. ಹೊಸದು ಸಿಗುವ ತನಕ ಉಳಿದ ತುಂಡಿಗೆ ಮುಕ್ಕಾಲು ಮೀಟರ್ ತಂತಿ ಸಿಕ್ಕಿಸಿದರೆ ಎಫ್‌ಎಂ ಕೇಳಿಸುತ್ತದೆ.