ಮೊದಲು ನಕ್ಷೆ, ಆಮೇಲೆ ಕಥೆ

ನಾಲ್ಕನೇ ಕ್ಲಾಸಿನವರೆಗೆ ಮಕ್ಕಳ ಪುಸ್ತಕದ ತುಂಬ ಆನೆ, ಇಲಿ, ಅಜ್ಜಿ, ಚಂದಿರ. ಐದೋ ಆರೋ ದಾಟುತ್ತಿದ್ದಂತೆ ದೊಡ್ಡವರಿಗೆ ಅನುಮಾನ ಶುರುವಾಗುತ್ತದೆ: ಇನ್ನೂ ಚಿತ್ರ ನೋಡಿಕೊಂಡು ಕೂತರೆ ಇವಳು ಓದುವುದು ಯಾವಾಗ? ಯಾವುದಾದರೂ ಪುಸ್ತಕ ಮೇಳದಲ್ಲಿ ಅರ್ಧ ಗಂಟೆ ನಿಂತು ನೋಡಿ. ಹುಡುಗಿ ಚಿತ್ರವಿರುವ ಪುಟ ತೆರೆದು ಮೈಮರೆತಿರುತ್ತಾಳೆ. ಅಪ್ಪ ಅದನ್ನು ಮೆಲ್ಲಗೆ ಮುಚ್ಚಿ, ಅಕ್ಷರ ಒತ್ತೊತ್ತಾಗಿರುವ ಇನ್ನೊಂದನ್ನು ಕೈಗಿಡುತ್ತಾನೆ, ಕೊಟ್ಟ ದುಡ್ಡಿಗೆ ಓದು ಹೆಚ್ಚು ಸಿಗಲಿ ಎಂದು. ಹತ್ತರಿಂದ ಹದಿನಾಲ್ಕರ ವಯಸ್ಸಿನವರಿಗೆ ಸಾಹಸ ಕಾದಂಬರಿ ಆರಿಸುವಾಗ ಈ ಲೆಕ್ಕ ಪೂರ್ತಿ ತಪ್ಪು. ಈ ಜಾತಿಯ ಕಥೆಗಳಲ್ಲಿ ಅತಿ ಹೆಸರಾದದ್ದು ಹುಟ್ಟಿದ್ದೇ ಒಂದು ಚಿತ್ರದಿಂದ.

1881ರ ಆಗಸ್ಟ್. ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಹಳ್ಳಿ. ಹೊರಗೆ ಹಿಡಿದ ಮಳೆ ಬಿಟ್ಟಿರಲಿಲ್ಲ. ರಾಬರ್ಟ್ ಲೂಯಿ ಸ್ಟೀವನ್‌ಸನ್ ಆರೋಗ್ಯ ಕೆಟ್ಟು ಮನೆಯೊಳಗೇ ಇದ್ದ. ಜೊತೆಗೆ ಅವನ ಹೆಂಡತಿಯ ಮೊದಲ ಮದುವೆಯ ಮಗ, ಹದಿಮೂರರ ಲಾಯ್ಡ್. ಹೊತ್ತು ಹೋಗದೆ ಬಣ್ಣದ ಡಬ್ಬಿ ತೆಗೆದು ಕೂತಾಗ ಒಂದು ದ್ವೀಪದ ನಕ್ಷೆ ತಯಾರಾಯಿತು. ಅದನ್ನು ಬರೆದವನು ತಾನೇ ಎಂದು ಸ್ಟೀವನ್‌ಸನ್ ಮುಂದೆ ಹೇಳಿಕೊಂಡ; ಶುರು ಮಾಡಿದ್ದು ನಾನು, ಅವರು ಬಂದು ಬೆಟ್ಟ ಕೊಲ್ಲಿಗಳಿಗೆ ಹೆಸರಿಟ್ಟರು ಎಂದು ಲಾಯ್ಡ್ ಹೇಳಿದ. ಹುಡುಗನ ಮಾತನ್ನು ನಂಬುವುದೇ ನನಗಿಷ್ಟ. ಯಾರೇ ಬರೆದಿರಲಿ, ಆ ಕಾಗದವನ್ನು ನೋಡುತ್ತ ನೋಡುತ್ತ ಸ್ಟೀವನ್‌ಸನ್ನನ ಕಣ್ಣಿಗೆ ಮರಗಳ ಸಂದಿಯಿಂದ ಪಾತ್ರಗಳು ಇಣುಕತೊಡಗಿದವು. ದಿನಕ್ಕೊಂದು ಅಧ್ಯಾಯದಂತೆ ಬರೆದು ಮನೆಯವರಿಗೆ ಓದಿ ಹೇಳಿದ. ದೀಪಸ್ತಂಭ ಕಟ್ಟುವ ಎಂಜಿನಿಯರ್ ಆಗಿದ್ದ ಅವನ ಅಪ್ಪನೂ ಕಥೆಯ ಹುಚ್ಚಿಗೆ ಬಿದ್ದು, ಸತ್ತ ಕಡಲ್ಗಳ್ಳನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು ಒಂದು ಪಟ್ಟಿಯನ್ನೇ ಬರೆದುಕೊಟ್ಟ.

ಅದೇ ‘ಟ್ರೆಷರ್ ಐಲೆಂಡ್’. ಮೊದಲು ‘ಯಂಗ್ ಫೋಕ್ಸ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 1883ರಲ್ಲಿ ಪುಸ್ತಕವಾಯಿತು. ಈ ನಡುವೆ ಪ್ರಕಾಶಕರಿಗೆ ಕಳಿಸಿದ ಮೂಲ ನಕ್ಷೆ ದಾರಿಯಲ್ಲೇ ಕಳೆದುಹೋಯಿತು. ಆಗ ಲೇಖಕ ಕಥೆಯನ್ನು ಮುಂದಿಟ್ಟುಕೊಂಡು, ಅದರಲ್ಲಿ ಬರುವ ಅಳತೆಗಳನ್ನೆಲ್ಲ ಕೂಡಿಸಿ ಹೊಸ ನಕ್ಷೆ ಮಾಡಬೇಕಾಯಿತು. ಅಪ್ಪನ ಕಚೇರಿಯಲ್ಲಿ ಅದು ನೀಟಾಗಿಯೇ ತಯಾರಾಯಿತು. ತನಗೆ ಮಾತ್ರ ಅದು ಹಳೆಯ ದ್ವೀಪ ಅನ್ನಿಸಲೇ ಇಲ್ಲ ಎಂದು ಸ್ಟೀವನ್‌ಸನ್ ಕೊನೆಯವರೆಗೂ ಕೊರಗಿದ.

ಹನ್ನೆರಡು ದಾಟಿದವರಿಗೆ ನಾನು ಮೊದಲು ಹೇಳುವ ಪುಸ್ತಕ ಇದೇ. ಆದರೆ ಯಾವ ಪ್ರತಿ ಎನ್ನುವುದು ಮುಖ್ಯ. ನಕ್ಷೆಯಿಲ್ಲದ ಪ್ರತಿಯನ್ನು ಕೊಳ್ಳಬೇಡಿ. ಅಗ್ಗದ ಮುದ್ರಣಗಳಲ್ಲಿ ಮೊದಲು ಮಾಯವಾಗುವುದು ಅದೇ. ಸಿಕ್ಕರೆ ಎನ್.ಸಿ. ವೈಯತ್ 1911ರಲ್ಲಿ ಬರೆದ ಚಿತ್ರಗಳಿರುವ ಆವೃತ್ತಿ ಹುಡುಕಿ. ಬೆಳದಿಂಗಳ ರಸ್ತೆಯಲ್ಲಿ ಕೋಲು ಚಾಚಿ ತಡವರಿಸುವ ಕುರುಡ ಕಡಲ್ಗಳ್ಳ ಪ್ಯೂನ ಚಿತ್ರ ನೋಡಿದ ಮಗು ಆ ಅಧ್ಯಾಯವನ್ನು ಓದದೆ ಮಲಗುವುದಿಲ್ಲ. ಓದಿಯೂ ಬೇಗ ಮಲಗಲಿಕ್ಕಿಲ್ಲ, ಅದು ಬೇರೆ ಮಾತು. ಇನ್ನು ಅರವತ್ತು ಪುಟಕ್ಕೆ ಇಳಿಸಿದ ಸಂಕ್ಷಿಪ್ತ ಆವೃತ್ತಿಗಳು. ಅವುಗಳಲ್ಲಿ ಘಟನೆಗಳು ಉಳಿಯುತ್ತವೆ, ಹೆದರಿಕೆ ಉಳಿಯುವುದಿಲ್ಲ. ಕಥೆ ಹೇಳುವ ಹುಡುಗ ಜಿಮ್ ಸೇಬಿನ ಪೀಪಾಯಿಯೊಳಗೆ ಕೂತು ಕಡಲ್ಗಳ್ಳರ ಸಂಚು ಕೇಳಿಸಿಕೊಳ್ಳುವಾಗ ಓದುವವರ ಕಾಲೂ ಜೋಮು ಹಿಡಿಯಬೇಕು. ನಾಲ್ಕು ಸಾಲಿನಲ್ಲಿ ಅದನ್ನು ಹೇಳಿ ಮುಗಿಸಿದರೆ ಎಲ್ಲಿಯ ಜೋಮು?

ಫ್ರಾನ್ಸಿನಲ್ಲಿ ಜೂಲ್ಸ್ ವರ್ನ್‌ನ ಅದೃಷ್ಟ ಇನ್ನೂ ಚೆನ್ನಾಗಿತ್ತು. ಅವನ ಪ್ರಕಾಶಕ ಹೆಟ್ಜೆಲ್‌ಗೆ ಚಿತ್ರಗಳೆಂದರೆ ಜೀವ. ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ಕಾದಂಬರಿಯ 1871ರ ಸಚಿತ್ರ ಆವೃತ್ತಿಯಲ್ಲಿ ರಿಯೂ ಮತ್ತು ದ ನಯ್‌ವಿಲ್ ಎಂಬ ಇಬ್ಬರು ಕಲಾವಿದರ 111 ಚಿತ್ರಗಳಿವೆ. ಕಥೆ ಹೇಳುವ ಪ್ರೊಫೆಸರ್ ಅರೋನಾಕ್ಸ್‌ಗೆ ರಿಯೂ ಸ್ವತಃ ವರ್ನ್‌ನ ಮುಖವನ್ನೇ ಕೊಟ್ಟ. ಶೀರ್ಷಿಕೆ ನೋಡಿ ಕಡಲಿನ ಆಳ ಇಪ್ಪತ್ತು ಸಾವಿರ ಲೀಗ್ ಎಂದುಕೊಳ್ಳುವವರಿದ್ದಾರೆ. ಅದು ಜಲಾಂತರ್ಗಾಮಿ ‘ನಾಟಿಲಸ್’ ನೀರೊಳಗೇ ಸಾಗಿದ ದೂರ: ಸುಮಾರು 80,000 ಕಿಲೋಮೀಟರ್, ಭೂಮಿಗೆ ಎರಡು ಸುತ್ತು.

ಆ ನಾಟಿಲಸ್‌ನ ಒಡೆಯ ಕ್ಯಾಪ್ಟನ್ ನೆಮೋ ಯಾರು? ಮೊದಲ ಕಾದಂಬರಿ ಗುಟ್ಟು ಬಿಡುವುದಿಲ್ಲ. ಮುಂದೆ 1875ರಲ್ಲಿ ಮುಗಿದ ‘ದ ಮಿಸ್ಟೀರಿಯಸ್ ಐಲೆಂಡ್’ ಕೊನೆಗೆ ಬಾಯಿ ಬಿಡುತ್ತದೆ. ಅವನು ರಾಜಕುಮಾರ ಡಕ್ಕರ್, ಬುಂದೇಲಖಂಡದ ರಾಜನ ಮಗ, 1857ರ ದಂಗೆಯಲ್ಲಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಸಾಲದ್ದಕ್ಕೆ ನಮ್ಮ ಟಿಪ್ಪು ಸುಲ್ತಾನನ ಸಂಬಂಧಿ! ವರ್ನ್ ಬಳಸಿದ ಫ್ರೆಂಚ್ ಪದದಿಂದ ಅಣ್ಣತಮ್ಮಂದಿರ ಮಗನೋ ಅಕ್ಕತಂಗಿಯರ ಮಗನೋ ತಿಳಿಯುವುದಿಲ್ಲ. ಕನ್ನಡಕ್ಕೆ ತರುವವರು ತಲೆ ಕೆರೆದುಕೊಳ್ಳಬೇಕು. ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಇಂಥ ನೆಂಟಸ್ತಿಕೆ ಇತಿಹಾಸದಲ್ಲಿಲ್ಲ, ಎಲ್ಲ ವರ್ನ್‌ನ ಕಲ್ಪನೆ. ಆದರೂ ಈ ಎಳೆ ಹಿಡಿದು ಕೊಟ್ಟರೆ ಮೈಸೂರು ಸೀಮೆಯ ಹುಡುಗರು ಎರಡೂ ದಪ್ಪ ಪುಸ್ತಕಗಳನ್ನು ಮುಗಿಸುವ ಸಂಭವ ಹೆಚ್ಚು. ವರ್ನ್ ಪುಟಗಟ್ಟಲೆ ಮೀನುಗಳ ಹೆಸರು ಹೇಳುತ್ತ ಹೋಗುತ್ತಾನೆ, ಅಲ್ಲೆಲ್ಲ ಹಾರಿಸಿ ಓದಲಿ ಬಿಡಿ. ಇನ್ನೊಂದು ಎಚ್ಚರವೂ ಬೇಕು. ಆ ಕಾಲದ ಯುರೋಪಿನ ಸಾಹಸ ಕಥೆಗಳಲ್ಲಿ ದ್ವೀಪವಾಸಿಗಳೆಂದರೆ ಕಾಡುಮನುಷ್ಯರು ಎಂಬ ಧೋರಣೆ ಅಲ್ಲಲ್ಲಿ ಇಣುಕುತ್ತದೆ, ಚಿತ್ರಗಳಲ್ಲಿ ಇನ್ನೂ ಎದ್ದು ಕಾಣುತ್ತದೆ. ಪುಸ್ತಕ ಕಿತ್ತುಕೊಳ್ಳಬೇಕಿಲ್ಲ. ಪಕ್ಕದಲ್ಲಿ ಕೂತು ಮಾತಾಡಿದರೆ ಸಾಕು.

ವರ್ನ್‌ನ ಚಂದ್ರಯಾನದ ಕಥೆಯಿಂದ ಸ್ಫೂರ್ತಿ ಪಡೆದವರಲ್ಲಿ ಜಾರ್ಜ್ ಮೆಲಿಯೆ ಒಬ್ಬ. 1902ರಲ್ಲಿ ಅವನು ತೆಗೆದ ಮೂಕಿಚಿತ್ರದಲ್ಲಿ ರಾಕೆಟ್ ಹೋಗಿ ಚಂದ್ರನ ಕಣ್ಣಿಗೇ ನೆಡುತ್ತದೆ. ಮುಂದೆ ದಿವಾಳಿಯಾಗಿ ಪ್ಯಾರಿಸ್ಸಿನ ಮೋಂಪರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಮಾರುತ್ತ ಕೂತ. ಇಷ್ಟೂ ನಿಜ. ಅಮೆರಿಕದ ಬ್ರಯನ್ ಸೆಲ್ಜ್‌ನಿಕ್ ಈ ಮುದುಕನ ಎದುರಿಗೆ, ಅದೇ ಥರದ ನಿಲ್ದಾಣದ ಗೋಡೆಗಳ ಹಿಂದೆ ಅಡಗಿ ಗಡಿಯಾರಗಳಿಗೆ ಕೀಲಿ ಕೊಡುವ ಒಬ್ಬ ಅನಾಥ ಹುಡುಗನನ್ನು ತಂದು ನಿಲ್ಲಿಸಿದ. ಅದು 2007ರ ‘ದ ಇನ್ವೆನ್ಷನ್ ಆಫ್ ಹ್ಯೂಗೋ ಕ್ಯಾಬ್ರೆ’. ಐನೂರು ಪುಟ ಮೀರಿದ ಈ ಕಾದಂಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪುಟಗಳು ಪೆನ್ಸಿಲ್ ಚಿತ್ರಗಳೇ. ಇಲ್ಲಿ ಚಿತ್ರ ಅಕ್ಷರಕ್ಕೆ ಒಗ್ಗರಣೆಯಾಗಿ ಬರುವುದಿಲ್ಲ. ಹುಡುಗ ಓಡತೊಡಗಿದ ಕೂಡಲೇ ಅಕ್ಷರ ನಿಂತುಹೋಗುತ್ತದೆ. ಓಟವೆಲ್ಲ ಚಿತ್ರಗಳಲ್ಲಿ, ಪುಟದಿಂದ ಪುಟಕ್ಕೆ. ಆ ಪುಟಗಳನ್ನು ನೋಡದೆ ದಾಟಿದರೆ ಕಥೆ ಕೈ ತಪ್ಪುತ್ತದೆ. ಪುಟಾಣಿಗಳ ಚಿತ್ರಪುಸ್ತಕಗಳಿಗೇ ಸಲ್ಲುತ್ತಿದ್ದ ಅಮೆರಿಕದ ಕ್ಯಾಲ್ಡೆಕಾಟ್ ಪದಕ 2008ರಲ್ಲಿ ಈ ದಪ್ಪ ಕಾದಂಬರಿಗೆ ಬಂತು. ಓದಲು ಹಿಂಜರಿಯುವ ಮಗುವಿಗೆ ನನ್ನ ಮೊದಲ ಸಲಹೆ ಇದೇ: ಒಂದೇ ಭಾನುವಾರದಲ್ಲಿ ಐನೂರು ಪುಟ ಮುಗಿಸಿದ ಹೆಮ್ಮೆ ಸಣ್ಣದಲ್ಲ.

ಒಂಬತ್ತು ಹತ್ತರ ವಯಸ್ಸಿನವರಿಗೆ ಎರಿಕ್ ಕೆಸ್ಟ್ನರ್‌ನ ‘ಎಮಿಲ್ ಅಂಡ್ ದ ಡಿಟೆಕ್ಟಿವ್ಸ್’ ಸಾಕು. 1929ರ ಬರ್ಲಿನ್, ರೈಲಿನಲ್ಲಿ ಕಳುವಾದ 140 ಮಾರ್ಕ್, ಕಳ್ಳನನ್ನು ಬೆನ್ನಟ್ಟುವ ಮಕ್ಕಳ ದಂಡು, ವಾಲ್ಟರ್ ಟ್ರಿಯರ್‌ನ ಮುದ್ದಾದ ಗೆರೆಗಳು. ನೋಟುಗಳಿಗೆ ಚುಚ್ಚಿದ್ದ ಗುಂಡುಪಿನ್ನಿನ ತೂತು ಕೊನೆಗೆ ಸಾಕ್ಷಿಯಾಗುವ ಬಗೆ ಯಾವ ಪತ್ತೇದಾರಿ ಕಥೆಗೂ ಕಡಿಮೆಯಿಲ್ಲ. ನಮ್ಮ ದೇಶದ್ದೇ ಬೇಕೆಂದರೆ ಸತ್ಯಜಿತ್ ರಾಯ್ ಇದ್ದಾರೆ. ತಮ್ಮ ಪತ್ತೇದಾರ ಫೆಲೂದಾನ ಕಥೆಗಳಿಗೆ ಚಿತ್ರಗಳನ್ನೂ ಅವರೇ ಬರೆದರು. ‘ಸೋನಾರ್ ಕೆಲ್ಲಾ’ದಿಂದ ಶುರು ಮಾಡಿಸಿ, ಜೈಸಲ್ಮೇರಿನ ಕೋಟೆಗೆ ಟಿಕೆಟ್ ಕೇಳುವುದು ಖಂಡಿತ.

ಕನ್ನಡದಲ್ಲಿ? ಕಥೆಯನ್ನೂ ‘ಬರೆಯುವ’, ಚಿತ್ರವನ್ನೂ ‘ಬರೆಯುವ’ ಭಾಷೆ ನಮ್ಮದು. 1949ರಿಂದ ಕನ್ನಡದಲ್ಲೂ ಬಂದ ‘ಚಂದಮಾಮ’ ಈ ಎರಡನ್ನೂ ಒಟ್ಟಿಗೆ ಕಟ್ಟಿತ್ತು. ದಾಸರಿ ಸುಬ್ರಹ್ಮಣ್ಯಂ ತೆಲುಗಿನಲ್ಲಿ ಬರೆದ, ‘ಚಿತ್ರಾ’ ಅವರ ಚಿತ್ರಗಳಿದ್ದ ಸಾಹಸ ಧಾರಾವಾಹಿಗಳಿಗೆ ತಿಂಗಳುಗಟ್ಟಲೆ ಕಾದು ಕೂತವರು ಈಗ ಅಜ್ಜ ಅಜ್ಜಿಯರು. ಮಕ್ಕಳ ಕಾದಂಬರಿಗಳಿಗೂ ಈಗ ಬರವಿಲ್ಲ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ 2021ರಲ್ಲಿ, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದವು. ಹೆಸರು ಕೇಳಿದರೇ ಒಳಗೆ ಹೋಗಬೇಕೆನಿಸುವ ಪುಸ್ತಕಗಳು. ನನ್ನ ದೂರು ಪ್ರಕಾಶಕರ ಮೇಲೆ. ಮುಖಪುಟಕ್ಕೆ ಬಣ್ಣ ಬಳಿದು, ಒಳಪುಟಕ್ಕೆ ಬಂದಾಗ ಚಿತ್ರಕಾರರಿಗೆ ಕೊಡುವ ಸಂಭಾವನೆಯಲ್ಲಿ ಜಿಪುಣತನ ಮಾಡುತ್ತಾರೆ. ಚಿತ್ರಕಾರರ ಹೆಸರನ್ನು ಮುಖಪುಟದ ಮೇಲೆ ಹಾಕುವುದಕ್ಕಂತೂ ಖರ್ಚೇನೂ ಇಲ್ಲ.

ಹದಿಮೂರಾದ ಮೇಲೆ ತೇಜಸ್ವಿಯವರ ‘ಕರ್ವಾಲೊ’ ಕೈಗಿಡಿ. 1980ರ ಈ ಕಾದಂಬರಿ ಮಕ್ಕಳಿಗೆಂದೇ ಬರೆದದ್ದಲ್ಲ. ಆದರೆ ಹಾರುವ ಓತಿಯನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಜೊತೆಗೊಂದು ನಾಯಿ ಪಶ್ಚಿಮಘಟ್ಟದ ಕಾಡಿಗೆ ನುಗ್ಗುವ ಕಥೆಗಿಂತ ದೊಡ್ಡ ಸಾಹಸ ಕನ್ನಡದಲ್ಲಿ ಇನ್ನೊಂದಿದೆಯೆಂದು ನನಗನ್ನಿಸುವುದಿಲ್ಲ. ನಾನು ಓದಿದ ಪ್ರತಿಯೊಳಗೆ ಒಂದು ಚಿತ್ರವೂ ಇರಲಿಲ್ಲ. ಹಾಗಾಗಿ ಪುಸ್ತಕದ ಜೊತೆಗೆ ಪೆನ್ಸಿಲ್ಲನ್ನೂ ಕೊಡಿ. ಕೊನೆಯ ಖಾಲಿ ಹಾಳೆಯಲ್ಲಿ ಮಗು ಆ ಕಾಡಿನ ದಾರಿ ಗೀಚಿ, ಬಂಡೆಗೆ ಹೆಸರಿಟ್ಟು, ಓತಿ ಹಾರಿದ ಜಾಗಕ್ಕೆ ಗುರುತು ಹಾಕಿದರೆ ಬೈಯಬೇಡಿ. ಲೈಬ್ರರಿಯ ಪ್ರತಿಯಾದರೆ ಮಾತ್ರ ಬೇರೆ ಹಾಳೆ ಕೊಡಿ.